ಅಪ್‌ಡೇಟ್: ಉದ್ದದ ಮೋಟಾರ್‌ಹೋಮ್ ಬಿಟ್ಟೆವು

ಟ್ರಾವೆಲರ್ ವ್ಯಾನಿನಲ್ಲಿ ಮೋಟಾರ್‌ಹೋಮ್ (ಒಳಗೇ ಮಲಗಿ ಉಳಿಯಬಹುದಾದ ಗಾಡಿ) ಕಟ್ಟಿಸಲು 3350 ಸಾಕಾ, ಉದ್ದದ 4020 ಬೇಕಾ ಅಂತ ಕೇಳಿದ್ದೆ. (ನಂಬರು ಅಂದರೆ ಮುಂದಿನ, ಹಿಂದಿನ ಚಕ್ರಗಳ ನಡುವಿನ ಮಿಲಿಮೀಟರ್ ಅಂತರ.)

ಉದ್ದದ್ದನ್ನೇ ಬಾಡಿಗೆಗೆ ತಂದು ನೋಡಿದೆವು. ಚೆರ್ಕಳ, ಮುಳ್ಳೇರಿಯ, ಜಾಲ್ಸೂರು ದಾಟಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಯವರೆಗೂ ಆರಾಮ. ಕಷ್ಟ ಇರುವುದು ಬದಿಯಡ್ಕದ ನಮ್ಮ ಮನೆ ಓಣಿಯಲ್ಲಿ! ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಹಿಂದಿನ ಚಕ್ರ ಒಳಕ್ಕೆ ಸರಿದು ಕೆಂಪುಕಲ್ಲಿನ ಕಾಂಪೌಂಡಿಗೆ ತಾಗುವಷ್ಟು ಹತ್ತಿರ. ರಿವರ್ಸ್ ತೆಗೆದರೆ ಹಿಂಬದಿ ಆಚೆಯ ಕಂಗಿಗೆ (ಅಡಿಕೆ ಮರಕ್ಕೆ). ಭಾವ ಇಳಿದು "ಬರಲಿ, ಬರಲಿ, ಹೋಯ್ ನಿಲ್ಲಿಸಿ!" ಅನ್ನುತ್ತಲೇ ಇದ್ದರು. ಪ್ರತಿ ಸಲ ಇದೇ ಕತೆ ಆದರೆ ಯಾರಿಗೆ ಬೇಕು ಅಲ್ವಾ?

ಉದ್ದದ್ದರಲ್ಲಿ ಮಂಚ ಯಾವಾಗಲೂ ಹಾಸಿಯೇ ಇಡಬಹುದು, ಅದೊಂದೇ ಆಸೆ. ಹಗಲು ಸೀಟು, ರಾತ್ರಿ ಮಂಚ ಸಾಕು ಅಂದಳು ಹೆಂಡತಿ. 3350ಕ್ಕೆ ಅಡ್ವಾನ್ಸ್ ಕೊಟ್ಟಾಯಿತು. ಮಳೆಗಾಲದ ಮೊದಲು ಅಂಗಳದ ಬದಿಗೆ ಶೀಟ್ ಹಾಕಿಸಬೇಕು.