ಪದಚರ್ಚೆ: ‘ಹಾಜರು’, ‘ಸಮಕ್ಷಮ’ – ವಿಡಿಯೋ ಕರೆಗೆ ಯಾವುದು ಸಲ್ಲುತ್ತದೆ?

ಬಲ್ಲವರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ವಕೀಲರ ಕಚೇರಿಯೊಂದರಲ್ಲಿ ಕನ್ನಡ ಕಾಗದಪತ್ರಗಳ ಕರಡು ಸಿದ್ಧಪಡಿಸುವುದು ನನ್ನ ಕೆಲಸ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡಬೇಕಾಗಿ ಬಂದಾಗ ಗುಮಾಸ್ತರಿಗೂ ಕಕ್ಷಿದಾರರಿಗೂ ಒಂದು ಸೂಚನಾಪತ್ರ ಮಾಡಿಕೊಂಡಿದ್ದೆವು. ಅಂಥ ಕಾಲ ಮತ್ತೆ ಬಂದರೆ ಕೈಗೆ ಸಿಗುವಂತಿರಲಿ ಎಂದು ಈಗ ಅದನ್ನು ಪರಿಷ್ಕರಿಸುತ್ತಿದ್ದೇವೆ. ಅದರ ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

‘ಹಾಜರು’ ಪದದಲ್ಲಿ ನನಗೆ ಹೆಚ್ಚಿನ ತೊಡಕು ಕಾಣುವುದಿಲ್ಲ. 2020ರ ಏಪ್ರಿಲ್ 6ರಂದು ಸುಪ್ರೀಂ ಕೋರ್ಟ್ ವಿಡಿಯೋ ಕಲಾಪಗಳಿಗೆ ದಾರಿ ಮಾಡಿಕೊಟ್ಟ ಮೇಲೆ ‘ವಕೀಲರು ವಿಡಿಯೋ ಮೂಲಕ ಹಾಜರಾದರು’ ಎಂದು ಬರೆಯಲು ಯಾರೂ ಹಿಂಜರಿಯಲಿಲ್ಲ. ಆಸಾಮಿಯೇ ಬರಬೇಕಾದ ಕಡೆ ‘ಖುದ್ದು ಹಾಜರಾಗಬೇಕು’ ಎನ್ನುವುದು ಹಿಂದಿನಿಂದಲೂ ಇದೆ. ‘ಖುದ್ದು’ ಸೇರಿಸಬೇಕಾಗುತ್ತದೆ ಎಂದರೆ ಬರಿಯ ‘ಹಾಜರು’ ಸಾಕಷ್ಟು ಸಡಿಲವಾದ ಪದವೆಂದೇ ಅರ್ಥ.

ತೊಡಕಿರುವುದು ‘ಸಮಕ್ಷಮ’ದಲ್ಲಿ. ಆ ದಿನಗಳಲ್ಲಿ ಶಿರಸಿ ಕಡೆಯ ಹಿರಿಯರೊಬ್ಬರು ಉಯಿಲು ಬರೆಸಲು ಫೋನ್ ಮಾಡಿದ್ದರು. ಕರಡು ಇಮೇಲ್‌ನಲ್ಲಿ ಹೋಯಿತು, ಮೊಮ್ಮಗಳು ಓದಿ ಹೇಳಿದಳು, ತಿದ್ದುಪಡಿಗಳು ವಾಟ್ಸ್‌ಆ್ಯಪ್‌ನಲ್ಲಿ ಬಂದವು. ಕೊನೆಗೆ ಅವರು ಕೇಳಿದರು: “ನಾನು ಫೋನಿನ ಮುಂದೆ ಸಹಿ ಮಾಡುತ್ತೇನೆ ತಮ್ಮಾ, ನಿಮ್ಮ ಕಚೇರಿಯ ಇಬ್ಬರು ನೋಡಲಿ. ಕಾಗದ ಅಂಚೆಯಲ್ಲಿ ಬಂದ ಮೇಲೆ ಅವರು ಸಾಕ್ಷಿ ಹಾಕಲಿ. ಸಮಕ್ಷಮ ಎಂದರೆ ಕಣ್ಣೆದುರು ಎಂದೇ ಅಲ್ಲವೇ?”

ಪದದ ಮಟ್ಟಿಗೆ ಅವರ ಮಾತು ಸರಿ. ‘ಸಮಕ್ಷಮ’ದಲ್ಲೂ ‘ಸಾಕ್ಷಿ’ಯಲ್ಲೂ ಇರುವುದು ಕಣ್ಣೇ. ಆದರೆ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೇ ಕಲಂ ಪ್ರಕಾರ ಸಾಕ್ಷಿಗಳೂ ಉಯಿಲು ಬರೆದವರ ಸಮಕ್ಷಮದಲ್ಲೇ ಸಹಿ ಹಾಕಬೇಕು. ಅಂಚೆ ತಲುಪಿದ ಮೇಲೆ ಬೆಂಗಳೂರಿನಲ್ಲಿ ಹಾಕುವ ಸಹಿ ಯಾರ ಸಮಕ್ಷಮ? ಕಂಪ್ಯೂಟರಿನಲ್ಲೇ ಸಹಿ ಮಾಡೋಣವೆಂದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊದಲನೇ ಅನುಸೂಚಿ ಉಯಿಲನ್ನು ಹೊರಗಿಟ್ಟಿದೆ. ಕಡೆಗೆ ಅವರೂರಿನ ನೆರೆಮನೆಯ ಇಬ್ಬರನ್ನು ಜಗುಲಿಗೆ ಕರೆಸಿ, ಮಾಸ್ಕ್ ಹಾಕಿಸಿ, ತಮ್ಮ ತಮ್ಮ ಪೆನ್ನುಗಳನ್ನೇ ತರಲು ಹೇಳಿ, ಮೂವರೂ ಒಂದೇ ಹೊತ್ತಿಗೆ ಸಹಿ ಮಾಡುವಂತೆ ನೋಡಿಕೊಂಡೆವು. ನಾವು ಫೋನಿನಲ್ಲಿ ನೋಡುತ್ತಿದ್ದೆವು, ಅಷ್ಟೇ.

‘ಸಮಕ್ಷಮ’ ಎಲ್ಲ ಕಡೆಯೂ ಇಷ್ಟೇ ಬಿಗಿ ಎಂದು ನಾನು ಹೇಳುತ್ತಿಲ್ಲ. ಆರೋಪಿಯ ಸಮಕ್ಷಮ ಸಾಕ್ಷ್ಯ ದಾಖಲಿಸಬೇಕೆಂಬ ನಿಯಮಕ್ಕೆ ವಿಡಿಯೋ ಸಾಕು ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಉಯಿಲಿನ ವಿಷಯದಲ್ಲಿ ಇಂಗ್ಲೆಂಡಿನವರು ಪದ ತಾನಾಗಿ ಹಿಗ್ಗಲಿ ಎಂದು ಕಾಯಲಿಲ್ಲ. ಸಾಂಕ್ರಾಮಿಕದ ಕಾಲಕ್ಕೆಂದು 1837ರ ಕಾಯ್ದೆಯನ್ನೇ 2020ರಲ್ಲಿ ತಿದ್ದಿ, ವಿಡಿಯೋದಲ್ಲಿ ಇದ್ದರೂ ಸಮಕ್ಷಮವೇ ಎಂದು ಬರೆದರು. ನಮ್ಮ 63ನೇ ಕಲಮಿಗೆ ಅಂಥ ತಿದ್ದುಪಡಿ ಆಗಲಿಲ್ಲ.

ಸಹೋದ್ಯೋಗಿಯೊಬ್ಬರು ವಿಡಿಯೋ ಸಹಿಗೆ ‘ದೂರಸಮಕ್ಷಮ’ ಎಂಬ ಪದ ಟಂಕಿಸಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಓದಿದವರು ಅದೂ ಒಂದು ಬಗೆಯ ಸಮಕ್ಷಮವೆಂದೇ ತಿಳಿಯುತ್ತಾರೆ, ಆಸ್ತಿ ಹಂಚಿಕೆಯ ಕಾಗದದಲ್ಲಿ ಆ ಗೊಂದಲ ಮಕ್ಕಳ ಕಾಲಕ್ಕೆ ದಾವೆಯಾಗುತ್ತದೆ. ‘ವಿಡಿಯೋ ಕರೆಯಲ್ಲಿ ಕಾಣುವಂತೆ ಸಹಿ ಮಾಡಿದರು’ ಎಂದು ಬಿಡಿಸಿ ಬರೆದು, ‘ಸಮಕ್ಷಮ’ವನ್ನು ಒಂದೇ ಜಾಗದಲ್ಲಿ ಇದ್ದವರಿಗೆ ಮೀಸಲಿಡಬೇಕು ಎನ್ನುವುದು ನನ್ನ ನಿಲುವು.

ಇನ್ನೊಂದು ಕಡೆಯೂ ಈ ಪದ ನುಸುಳಿದೆ. ‘ಕಕ್ಷಿದಾರರೊಡನೆ ಮನೆಯವರ ಸಮಕ್ಷಮ ಮಾತನಾಡಬಾರದು’ ಎಂಬ ಸೂಚನೆ. ಆಗಿನ ಸಾಕ್ಷ್ಯ ಅಧಿನಿಯಮದ 126 ಮತ್ತು 127ನೇ ಕಲಂಗಳು ಗುಟ್ಟು ಕಾಯುವ ಹೊಣೆಯನ್ನು ವಕೀಲರ ಜೊತೆ ಗುಮಾಸ್ತರಿಗೂ ಹೊರಿಸಿದ್ದವು. ಗುಮಾಸ್ತರ ಮನೆಮಂದಿಯ ಮಾತೇ ಅಲ್ಲಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಅಡುಗೆಮನೆಯಲ್ಲಿದ್ದವರು ಸಮಕ್ಷಮದಲ್ಲಿಲ್ಲ, ಆದರೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ‘ಬೇರೆಯವರ ಕಿವಿಗೆ ಬೀಳುವಂತೆ’ ಎಂದು ಬದಲಿಸುತ್ತಿದ್ದೇನೆ.

ನನ್ನ ಪ್ರಶ್ನೆಗಳು ಇವು. ನಿಮ್ಮ ಮನೆಗಳ ಹಳೆಯ ಕ್ರಯಪತ್ರ, ವಿಭಾಗಪತ್ರಗಳಲ್ಲಿ ‘ಸಮಕ್ಷಮ’ವೇ ಇದೆಯೇ, ‘ಎದುರಿಗೆ’, ‘ಮುಂದೆ’ ಎಂದಿದೆಯೇ? ಧಾರವಾಡ, ಮಂಗಳೂರು ಕಡೆಯ ಬರಹಗಾರರು ಬೇರೆ ಪದ ಬಳಸುತ್ತಿದ್ದರೇ? ಸಾಧ್ಯವಾದರೆ ಪತ್ರದ ಇಸವಿಯೊಂದಿಗೆ ಆ ಸಾಲನ್ನು ಹಾಗೆಯೇ ಬರೆದು ತಿಳಿಸಿ.