ಅಮ್ಮನ ಆರೈಕೆಗೆ ಗಂಡಸರು ಬಂದರೆ ಒಪ್ಪಬಹುದಾ?

ತುಮಕೂರಿನಿಂದ ಕೇಳುತ್ತಿದ್ದೇನೆ. ಅಮ್ಮನಿಗೆ 78 ವರ್ಷ. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವನು. ಹೆಂಡತಿಗೂ ಕೆಲಸ ಇದೆ. ಏಜೆನ್ಸಿಯವರು ‘ಹೆಂಗಸರು ಸದ್ಯಕ್ಕೆ ಇಲ್ಲ, ಅನುಭವ ಇರೋ ಹುಡುಗ ಇದ್ದಾನೆ, ಕಳಿಸಲಾ’ ಅನ್ನುತ್ತಿದ್ದಾರೆ. ಚಿಕ್ಕಮ್ಮ ‘ಹೆತ್ತ ತಾಯೀನ ಪರಗಂಡಸಿನ ಕೈಗೆ ಕೊಡ್ತೀಯಾ’ ಅಂತ ಅತ್ತುಬಿಟ್ಟರು. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ಶ್ರೀನಿವಾಸಪುರದಿಂದ

ನಾನು ಅಮ್ಮನನ್ನು ಮೂರು ವರ್ಷ ನೋಡಿಕೊಂಡೆ. ಲಕ್ವ ಹೊಡೆದು ಬಲಗಡೆ ಸ್ವಾಧೀನ ಇರಲಿಲ್ಲ. ನನಗೆ ಅಕ್ಕ ತಂಗಿ ಯಾರೂ ಇಲ್ಲ. ಮೊದಲ ದಿನ ಡೈಪರ್ ಬದಲಾಯಿಸಲು ಹೋದಾಗ ಅಮ್ಮ ಕಣ್ಣು ಮುಚ್ಚಿಕೊಂಡು ಎಡಗೈಯಲ್ಲಿ ಸೆರಗನ್ನು ಗಟ್ಟಿಯಾಗಿ ಹಿಡಿದರು. ಬಿಡಲೇ ಇಲ್ಲ. ನೋವಿರಬೇಕು ಅಂದುಕೊಂಡು ಬೇಗ ಬೇಗ ಮುಗಿಸಿದೆ. ಅದೇ ನನ್ನ ತಪ್ಪು. ಪಕ್ಕದ ಬೀದಿಯ ರಿಟೈರ್ಡ್ ನರ್ಸಮ್ಮ ನೋಡಿ, ‘ಬಾಯಿಬಿಟ್ಟು ಹೇಳು, ಆಮೇಲೆ ಮುಟ್ಟು’ ಅಂದರು. ಅವತ್ತಿನಿಂದ ಎಲ್ಲದಕ್ಕೂ ಹೇಳುತ್ತಿದ್ದೆ. ಅಮ್ಮಾ, ಎಡಕ್ಕೆ ತಿರುಗಿಸ್ತೀನಿ. ಅಮ್ಮಾ, ಬಟ್ಟೆ ಸ್ವಲ್ಪ ತಣ್ಣಗಿದೆ. ಹತ್ತು ಹನ್ನೆರಡು ದಿನಕ್ಕೆ ಸೆರಗು ಹಿಡಿಯುವುದು ನಿಂತಿತು.

ಮೈ ಒರೆಸುವಾಗ ದೊಡ್ಡ ಟವೆಲ್ ಹೊದಿಸಿಯೇ ಇರಬೇಕು. ಒಂದು ಕೈ ಹೊರಗೆ ತೆಗೆದು ಒರೆಸಿ, ಮುಚ್ಚಿ, ಆಮೇಲೆ ಇನ್ನೊಂದು ಕೈ. ಕಾಲಿಗೂ ಹಾಗೇ. ಕೆಳಗಿನ ಭಾಗ ಕೊನೆಗೆ, ಅದಕ್ಕೆ ಬೇರೆ ಬಟ್ಟೆ. ಹೆಂಗಸರಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಉಲ್ಟಾ ಆದರೆ ಮಲದ ಕೊಳೆ ಮೂತ್ರದ ದಾರಿಗೆ ಸೇರಿ ಸೋಂಕಾಗುತ್ತದೆ. ಅಮ್ಮನಿಗೆ ಎರಡು ಸಲ ಉರಿಮೂತ್ರ, ಚಳಿಜ್ವರ ಬಂದ ಮೇಲೆ ನಾನು ಇದನ್ನು ಕಲಿತೆ. ಗಂಡುಮಕ್ಕಳಿಗೆ ಇದನ್ನು ಯಾರು ಹೇಳಿಕೊಡುತ್ತಾರೆ? ಬರುವ ಹುಡುಗನಿಗೆ ಗೊತ್ತಿದೆಯಾ ಅಂತ ಸಂಕೋಚ ಇಲ್ಲದೆ ಕೇಳಿ.

ಹಳೇ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಭುಜದಿಂದ ತೊಡೆಯವರೆಗೆ ಬರುವ ಹಾಗೆ ಮೈಕೆಳಗೆ ಹಾಸಿ. ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸಿದರೆ ಚರ್ಮ ಉಜ್ಜುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ನಿಮ್ಮ ತಾಯಿಗೆ ಸೊಂಟದ ಆಪರೇಷನ್ ಆಗಿದೆ, ಹಾಗಾಗಿ ಯಾವ ಮಗ್ಗುಲಿಗೆ ತಿರುಗಿಸಬಹುದು, ಕಾಲುಗಳ ನಡುವೆ ದಿಂಬು ಇಡಬೇಕಾ ಅಂತ ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ.

ಚಿಕ್ಕಮ್ಮನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಮೈ ಅಮ್ಮನದು. ನೆಂಟರಿಲ್ಲದ ಹೊತ್ತು ನೋಡಿ ಅಮ್ಮನನ್ನೇ ಕೇಳಿ.

ಚಿಂತಾಮಣಿಯಿಂದ

ಸಾರ್, ನಾನು ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಇಲ್ಲೇ ಹತ್ತಿರದ ಒಂದು ಮನೆಯಲ್ಲಿ ಅಜ್ಜಿ ಹತ್ತು ದಿನ ನನ್ನ ಮುಖವನ್ನೇ ನೋಡಲಿಲ್ಲ. ಮನೆಯಲ್ಲಿ ತೆಲುಗು ಮಾತು, ನಾನೂ ತೆಲುಗಿನಲ್ಲೇ ಮಾತಾಡಿಸುತ್ತಿದ್ದೆ. ವೀಲ್‌ಚೇರಿಗೆ ಕೂರಿಸುವುದು, ಊಟ, ಮಾತ್ರೆ ನನ್ನದು. ಸ್ನಾನ, ಬಟ್ಟೆ ಸೊಸೆಯದು. ಸೊಸೆ ಊರಿಗೆ ಹೋಗಿದ್ದ ಒಂದು ರಾತ್ರಿ ಅಜ್ಜಿಗೆ ಭೇದಿ ಶುರುವಾಯಿತು. ಮಗ ಪಕ್ಕದ ರೂಮಿನಲ್ಲೇ ಇದ್ದರು. ಎಬ್ಬಿಸಲಾ ಅಂದೆ. ಅಜ್ಜಿ ಬೇಡ ಅಂದರು. ‘ನಾಯನಾ, ನುವ್ವೇ ಚೆಯ್ಯಿ’, ನೀನೇ ಮಾಡಪ್ಪ ಅಂದರು. ಹೆತ್ತ ಮಗನ ಎದುರು ಆಗುವ ನಾಚಿಕೆ ಹೊರಗಿನವರ ಎದುರು ಆಗದೆ ಇರಬಹುದು. ಅವರು ಆ ಮಾತು ಹೇಳುವ ತನಕ ನಾನು ಕಾಯುತ್ತೇನೆ. ಹೇಳದಿದ್ದರೆ ಆ ಕೆಲಸ ಮುಟ್ಟುವುದಿಲ್ಲ.

ಯಾರೇ ಬರಲಿ, ಆಧಾರ್ ಪ್ರತಿ, ಪೊಲೀಸ್ ವೆರಿಫಿಕೇಶನ್ ಕೇಳಿ. ಹಿಂದೆ ಕೆಲಸ ಮಾಡಿದ ಎರಡು ಮನೆಗೆ ಫೋನ್ ಮಾಡಿ. ಮೊದಲ ವಾರ ಮನೆಯವರು ಒಬ್ಬರು ಜೊತೆಗಿರಿ. ಒಳಗಿಂದ ಚಿಲಕ ಹಾಕಬಾರದು ಅಂತ ಮೊದಲೇ ಹೇಳಿಬಿಡಿ. ಒಳ್ಳೆಯವನಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕ್ಯಾಮೆರಾ ಹಾಲ್‌ನಲ್ಲಿ ಇರಲಿ, ಬಟ್ಟೆ ಬದಲಿಸುವ ಕಡೆ ಬೇಡ.

ಕೋಲಾರದಿಂದ

ನಮ್ಮ ಅತ್ತೆ ಗಂಡಸು ಬೇಡವೇ ಬೇಡ ಅಂದರು. ನಾವು ಒತ್ತಾಯ ಮಾಡಲಿಲ್ಲ. ಬೆಳಿಗ್ಗೆ ಒಂದು ಗಂಟೆ ಸ್ನಾನಕ್ಕೆ ಮಾತ್ರ ನಮ್ಮ ಬೀದಿಯ ಒಬ್ಬರನ್ನು ಗೊತ್ತು ಮಾಡಿಕೊಂಡೆವು. ಒಂದು ವಿಷಯ ಮಾತ್ರ ಹೇಳಲೇಬೇಕು. ಅದಕ್ಕೂ ಮೊದಲು ಬಂದಿದ್ದವರೂ ಹೆಂಗಸೇ. ಅತ್ತೆಯ ತೋಳಿನ ಮೇಲೆ ನಾಲ್ಕು ಬೆರಳಿನ ನೀಲಿ ಗುರುತು ಕಂಡ ದಿನ ಅವರನ್ನು ಕಳಿಸಿದೆವು. ಹೆಂಗಸು ಅಂದ ಮಾತ್ರಕ್ಕೆ ನಂಬಿ ಸುಮ್ನೆ ಇರಬೇಡಿ, ದಿನಾ ಕೈಕಾಲು ನೋಡಿ. ಹಿರಿಯರ ಸಹಾಯವಾಣಿ 14567 ಕೂಡ ಬರೆದಿಟ್ಟುಕೊಳ್ಳಿ.

ಮತ್ತೆ ತುಮಕೂರಿನಿಂದ

ಚಿಕ್ಕಮ್ಮ ಸಿದ್ಧಗಂಗೆಗೆ ಹೋಗಿದ್ದಾಗ ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಎತ್ತಿ ಕೂರಿಸಲಿ, ನಡೆಸಲಿ. ಸ್ನಾನಕ್ಕೆ ನಿನ್ನ ಹೆಂಡ್ತಿ ಇರಲಿ’ ಅಂದರು. ಹೆಂಡತಿ ಬೆಳಿಗ್ಗೆ ಐದೂವರೆಗೆ ಏಳುತ್ತೇನೆ ಅಂದಿದ್ದಾಳೆ, ನೀರು ಕಾಯಿಸುವುದು, ಬಟ್ಟೆ ಒಗೆಯುವುದು ನನ್ನದು. ಸೋಮವಾರದಿಂದ ಹುಡುಗ ಬರುತ್ತಾನೆ. ಅವನ ಹೆಸರೇನು, ಯಾವೂರು ಅಂತ ಅಮ್ಮ ಕೇಳಿದರು. ನಾನಿನ್ನೂ ಕೇಳಿರಲೇ ಇಲ್ಲ.