ವಿನ್ಯಾಸ ವಿದ್ಯಾರ್ಥಿಗಳಿಗೆ ಕಲಿಕಾ ಆ್ಯಪ್: ಉತ್ಸಾಹ ಎರಡೇ ವಾರಕ್ಕೆ ಇಳಿದುಹೋಗುವುದೇಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಧಾರವಾಡದ ಕಡೆಯ ಒಂದು ಕಾಲೇಜಿನಲ್ಲಿ ಫ್ಯಾಷನ್ ಡಿಸೈನ್ ಡಿಪ್ಲೊಮಾದ ಎರಡನೇ ವರ್ಷದವರಿಗೆ ಪಾಠ ಮಾಡುತ್ತೇನೆ. ಈ ಸೆಮಿಸ್ಟರ್‌ನಲ್ಲಿ ಬಣ್ಣ ಮತ್ತು ಸಂಯೋಜನೆಯ ಪಾಠಗಳಿರುವ ಒಂದು ಆ್ಯಪನ್ನು 38 ವಿದ್ಯಾರ್ಥಿಗಳ ಮೊಬೈಲಿಗೂ ಹಾಕಿಸಿದೆ. ದಿನದ ಪಾಠ ಮುಗಿಸಿದರೆ ಅಂಕ, ಏಳು ದಿನ ಬಿಡದೆ ಮಾಡಿದರೆ ಬ್ಯಾಡ್ಜ್, ವಾರಕ್ಕೊಮ್ಮೆ ರ‍್ಯಾಂಕ್ ಪಟ್ಟಿ. ಎರಡು ವಾರ ಎಲ್ಲರೂ ಪೈಪೋಟಿಯಿಂದ ಮಾಡಿದರು. ಮೂರನೆಯ ವಾರಕ್ಕೆ ಉಳಿದವರು ಒಂಬತ್ತೇ ಮಂದಿ, ಅವರಲ್ಲೂ ಕೆಲವರು ಉತ್ತರವನ್ನು ಪಕ್ಕದವರಿಂದ ಕೇಳಿ ಒತ್ತುತ್ತಾರೆ. ಸ್ಕೆಚ್‌ಬುಕ್ ಮಾತ್ರ ಮೊದಲಿನಂತೆಯೇ ಖಾಲಿ. ಆ್ಯಪನ್ನು ಬದಲಿಸಬೇಕೆ, ಇಲ್ಲವೇ ನಾನು ಬಳಸಿದ ಬಗೆಯೇ ತಪ್ಪೆ?

ಉತ್ತರ: ನಮಸ್ಕಾರ ಸರ್. ಇನ್ನೊಂದು ಆ್ಯಪ್ ತಂದರೂ ಇದೇ ಆಗುತ್ತದೆ. ಅಂಕ ಮತ್ತು ಪಟ್ಟಿ ವಿದ್ಯಾರ್ಥಿಯ ಕಣ್ಣನ್ನು ಕೆಲಸದಿಂದ ಎತ್ತಿ ತಮ್ಮ ಕಡೆಗೆ ತಿರುಗಿಸಿಕೊಂಡಿವೆ. 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಅವರ ಸಂಗಡಿಗರು ಅಮೆರಿಕದ ಒಂದು ಶಿಶುವಿಹಾರದಲ್ಲಿ, ತಾವಾಗಿಯೇ ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿ ನೋಡಿದರು. ‘ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು ಮುಂದೆ ಬಿಡುವಿನ ವೇಳೆಯಲ್ಲಿ ಬಣ್ಣದ ಪೆನ್ನನ್ನು ಕೈಗೆತ್ತಿಕೊಂಡದ್ದು, ಉಳಿದ ಮಕ್ಕಳಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟು ಹೊತ್ತು ಮಾತ್ರ. ಮೊದಲೇ ಏನೂ ಹೇಳದೆ, ಬಿಡಿಸಿದ ಮೇಲೆ ಪತ್ರ ಕೊಟ್ಟ ಮಕ್ಕಳಲ್ಲಿ ಈ ಇಳಿಕೆ ಕಾಣಲಿಲ್ಲ. ಕಲಿಕೆಯ ಬಹುಮಾನದ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಈ ಮಕ್ಕಳೇ ನೆನಪಾಗುತ್ತಾರೆ, ಏಕೆಂದರೆ ಅವರು ಕಳೆದುಕೊಂಡದ್ದು ಚಿತ್ರ ಬಿಡಿಸುವ ಇಷ್ಟವನ್ನೇ.

ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತದ ಪ್ರಕಾರ, ಮನಸ್ಸು ತಾನಾಗಿ ಕೆಲಸದಲ್ಲಿ ತೊಡಗಲು ಮೂರು ಸಂಗತಿ ಬೇಕು: ಇದು ನನ್ನ ಆಯ್ಕೆ, ಇದು ನನ್ನ ಕೈಗೆ ಹತ್ತುತ್ತಿದೆ, ಇದನ್ನು ನನ್ನವರು ನೋಡುತ್ತಿದ್ದಾರೆ ಎಂಬ ಭಾವನೆ. ಈ ಮೂರನ್ನೂ ಕೊಡಲು ಮೊಬೈಲಿನ ಕ್ಯಾಮೆರಾ, ಗ್ಯಾಲರಿ ಮತ್ತು ತರಗತಿಯ ಗುಂಪೇ ಸಾಕು.

ನೀವು ಧಾರವಾಡದ ಕಡೆಯವರಾದ್ದರಿಂದ ಕಸೂತಿಯಿಂದಲೇ ಹೇಳುತ್ತೇನೆ. ಮನೆಯಲ್ಲಿರುವ ಇಳಕಲ್ ಸೀರೆಯ ಒಂದು ಚಿತ್ತಾರವನ್ನು, ಅದು ಗೋಪುರವೋ ತೇರೋ ತುಳಸಿಕಟ್ಟೆಯೋ, ಅವರೇ ಆರಿಸಿಕೊಳ್ಳಲಿ. ಅದರ ಮುಂಬದಿ ಮತ್ತು ಹಿಂಬದಿ ಎರಡರ ಫೋಟೊ ತೆಗೆಯಲಿ. ಬೆರಳಿನಿಂದ ಫೋಟೊ ಹಿಗ್ಗಿಸಿ ಎಳೆ ಎಣಿಸಿ, ಗ್ರಾಫ್ ಹಾಳೆಯ ಮೇಲೆ ಅದನ್ನು ಮತ್ತೆ ಬಿಡಿಸಿ, ಆಮೇಲೆ ಬಟ್ಟೆಯ ಮೇಲೆ ಹೊಲಿಯಲಿ. ಕಸೂತಿಯ ಒಂದು ಬಗೆಯಾದ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಹೋಗಿ, ಹಿಂದಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಆದ್ದರಿಂದಲೇ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ. ಈಗ ಅವರ ಮುಂದಿರುವ ಸಮಸ್ಯೆ, ಎಲ್ಲಿಂದ ಹೊರಟರೆ ಕವಲುಗಳನ್ನೆಲ್ಲ ಸುತ್ತಿ, ಗಂಟು ಹಾಕದೆ, ಹೊರಟಲ್ಲಿಗೇ ಬಂದು ಸೇರಬಹುದು ಎಂಬುದು. ದಾರಿ ತಪ್ಪಿದರೆ ಬಟ್ಟೆಯ ಹಿಂಬದಿಯೇ ಅದನ್ನು ತೋರಿಸಿಬಿಡುತ್ತದೆ. ನನ್ನ ತರಗತಿಯ ಒಬ್ಬ ಹುಡುಗಿ ತೇರಿನ ಕಳಸದ ಹತ್ತಿರ ದಾರ ಅಡ್ಡ ಹಾದದ್ದನ್ನು ಹಿಂಬದಿಯ ಫೋಟೊದಲ್ಲಿ ಕಂಡು, ಯಾರೂ ಹೇಳದೆ ನಾಲ್ಕು ಸಲ ಬಿಚ್ಚಿ ಹೊಲಿದಳು. ಅವಳಿಗೆ ಬ್ಯಾಡ್ಜಿನ ನೆನಪೂ ಬರಲಿಲ್ಲ.

ನಿಮ್ಮ ಆ್ಯಪನ್ನು ತೆಗೆದುಹಾಕಬೇಕಾಗಿಲ್ಲ. ರ‍್ಯಾಂಕ್ ಪಟ್ಟಿಯನ್ನು ಮಾತ್ರ ಇಂದೇ ನಿಲ್ಲಿಸಿ. ಬಣ್ಣದ ಪಾಠವನ್ನು, ಸೀರೆಯ ಅಂಚಿಗೂ ಒಡಲಿಗೂ ಬಣ್ಣ ಆರಿಸುವ ಕೆಲಸ ಎದುರಿಗಿರುವ ದಿನ ನೋಡಲು ಹೇಳಿ.

ಮರುಪ್ರಶ್ನೆ: ಮೇಡಂ, ಹಲವರ ಮೊಬೈಲು ಹಳೆಯದು, ಕೆಲವರದು ಅಣ್ಣನೊಂದಿಗೆ ಹಂಚಿಕೊಂಡದ್ದು. ಅಲ್ಲದೆ ಅಂಕವೇ ಇಲ್ಲವೆಂದರೆ ಮಾಡುತ್ತಾರೆಯೇ?

ಉತ್ತರ: ಈ ಕೆಲಸಕ್ಕೆ ದಿನವಿಡೀ ಇಂಟರ್ನೆಟ್ ಬೇಡ. ಇಬ್ಬರಿಗೆ ಒಂದು ಮೊಬೈಲ್ ಸಾಕು, ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಪರೀಕ್ಷಿಸುವುದರಿಂದ ಅದು ಒಳ್ಳೆಯದೂ ಹೌದು. ವಾಟ್ಸ್ಆ್ಯಪ್‌ನಲ್ಲಿ ಫೋಟೊವನ್ನು ಫೋಟೊವಾಗಿ ಕಳಿಸಿದರೆ ಎಳೆಗಳು ಮಸುಕಾಗುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಇಂಟರ್ನಲ್ ಅಂಕ ಕೊಡಿ, ಆದರೆ ಆ್ಯಪಿನಲ್ಲಿ ಕಳೆದ ನಿಮಿಷಗಳಿಗೆ ಅಲ್ಲ. ಮೊದಲ ಗ್ರಾಫ್, ತಪ್ಪಿದ ದಾರಿ, ತಿದ್ದಿದ ದಾರಿ, ಈ ಮೂರು ಹಂತಗಳ ಫೋಟೊ ಮತ್ತು ಯಾಕೆ ತಿದ್ದಿದೆ ಎಂಬ ಎರಡು ಸಾಲಿಗೆ ಕೊಡಿ. ನಕಲು ಮಾಡಿದವರ ಬಳಿ ತಪ್ಪಿದ ಹಾಳೆ ಇರುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ನಿಮಿಷದ ಧ್ವನಿ ಸಂದೇಶದಲ್ಲಿ, ಯಾವ ಗೆರೆ ಸರಿ ಬಂತು, ಯಾವುದು ಬರಲಿಲ್ಲ ಎಂಬುದನ್ನು ಬೆರಳಿಟ್ಟು ತೋರಿಸಿದಂತೆ ಹೇಳಿ. ‘ಚೆನ್ನಾಗಿದೆ’ ಎಂದಷ್ಟೇ ಹೇಳಿದರೆ ಅವರಿಗೆ ಮುಂದಿನ ಕೆಲಸ ತಿಳಿಯುವುದಿಲ್ಲ. 38 ಜನಕ್ಕೆ ಇದು ಸಣ್ಣ ಕೆಲಸವಲ್ಲ, ವಾರಕ್ಕೆ ಹತ್ತು ಜನರಂತೆ ಹಂಚಿಕೊಳ್ಳಿ.

ಗುಂಪಿನಲ್ಲಿ ಮೊದಲು ತಮ್ಮ ತಪ್ಪನ್ನು ಹಾಕಲು ಮಕ್ಕಳು ಹಿಂಜರಿಯುತ್ತಾರೆ. ಆದ್ದರಿಂದ ಸೋಮವಾರ ನೀವೇ ಒಂದು ಗೋಪುರ ಹೊಲಿದು, ದಾರಿ ತಪ್ಪಿದ ಅದರ ಹಿಂಬದಿಯ ಫೋಟೊವನ್ನು ಎಲ್ಲರಿಗಿಂತ ಮೊದಲು ಹಾಕಿ.